ಬಾಗಿಲನ್ನು ಮದುವೆಯಾದವರು

ನನ್ನ ಗಂಡ ಮದುವೆಯಾದದ್ದು ಒಂದು ಬಾಗಿಲನ್ನು. ನಾನು ಆ ಬಾಗಿಲಿನ ಜೊತೆಗೆ ಬಂದವಳು, ಅಷ್ಟೇ! ಇದು ನಾನು ಕಟ್ಟಿದ ಮಾತಲ್ಲ. ನಮ್ಮ ಅತ್ತೆ ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಕೊಡುತ್ತಿದ್ದ ಮಾತು. ಇವರು ಅಲ್ಲೇ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಹೆಂಡತಿ ಎದುರಿಗಿದ್ದಾಗ ಯಾವ ಗಂಡಸಾದರೂ ಬಾಯಿಮಾತಿಗಾದರೂ "ಹಂಗೇನಿಲ್ಲ ಬಿಡ್ರಿ" ಅನ್ನಬೇಕೋ ಬೇಡವೋ? ಇವರು ನಿಧಾನವಾಗಿ ಚಹಾ ಹೀರಿ, "ಹೊನ್ನೀ ಮರದ್ದದು. ಈಗ ಅಂಥಾ ಮರ ಎಲ್ಲಿ ಸಿಗತಾವು?" ಎನ್ನುತ್ತಿದ್ದರು.

ಇವರು, ಇವರು ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಹೊಸ ಮದುಮಗಳು ಮನೆ ತುಂಬುವಾಗ ನಾದಿನಿಯರು ಬಾಗಿಲು ತಡೆದು ಗಂಡನ ಹೆಸರು ಹೇಳಿಸುತ್ತಾರೆ. ಆ ಒಂದು ಸಲ ನಾಚಿಕೊಂಡು ಹೇಳಿದ್ದೆ. ಆಮೇಲೆ ಅದರ ಅಗತ್ಯ ಬೀಳಲಿಲ್ಲ. ಹೆಸರು ಹಿಡಿದು ಕರೆದಿದ್ದರೆ ಬರುತ್ತಿದ್ದರೋ ಏನೋ! "ರೀ" ಎಂದು ಕೂಗಿ ಕೂಗಿ ನನ್ನ ಗಂಟಲು ಹೋಯಿತೇ ಹೊರತು, ಕರೆದ ಹೊತ್ತಿಗೆ ಬಂದ ಮನುಷ್ಯ ಇವರಲ್ಲ. "ಹ್ಞೂಂ" ಅನ್ನುವುದು, ಕೂತಲ್ಲೇ ಕೂರುವುದು. ಆ ಹ್ಞೂಂಗೆ ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುವ ಒಂದು ಧ್ವನಿಯಿತ್ತು. ಅದನ್ನು ಕೇಳಿದರೆ ಈ ಮನುಷ್ಯ ಇನ್ನು ಅರ್ಧ ತಾಸು ಏಳುವುದಿಲ್ಲ ಎಂದು ನನಗೆ ತಿಳಿಯುತ್ತಿತ್ತು.

ಬಾಗಿಲಿನ ಕಥೆ ಹೇಳುತ್ತೇನೆ.

ಕಂಪ್ಲಿಯಲ್ಲಿ ನನ್ನ ತವರುಮನೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಮನೆ ಮಣ್ಣಿನ ಗೋಡೆಯದು, ಮಳೆ ಬಂದರೆ ಎರಡು ಕಡೆ ಬೋಗುಣಿ ಇಡಬೇಕು. ಆದರೆ ಮುಂಬಾಗಿಲು ಮಾತ್ರ ಅಪ್ಪನ ಮುತ್ತಜ್ಜನ ಕಾಲದ್ದು. ಎರಡು ಕದ, ಅಂಗೈ ಅಗಲದಷ್ಟು ದಪ್ಪ, ಒಂದೊಂದಕ್ಕೂ ಹಿತ್ತಾಳೆಯ ಬಳೆ. "ಇವರ ಬಾಕ್ಲ ನೋಡಿ ಕಳ್ಳ ಬರತಾನ, ಮನಿ ನೋಡಿ ತಾನ ಏನರ ಇಟ್ಟು ಹೋಗತಾನ" ಎಂದು ಓಣಿಯವರು ನಗುತ್ತಿದ್ದರು.

ಹೊಸಪೇಟೆಯಿಂದ ಹೆಣ್ಣು ನೋಡಲು ಬಂದರು. ಎಲ್ಲರೂ ಕಾಲು ತೊಳೆದು ಒಳಗೆ ಬಂದು ಜಮಖಾನದ ಮೇಲೆ ಕೂತರು. ಹುಡುಗ ಮಾತ್ರ ಒಳಗೆ ಬಂದಿಲ್ಲ. ಹೊರಗಿನಿಂದ ಟಕ್, ಟಕ್ ಎಂದು ಬಾಗಿಲು ಬಡಿಯುವ ಸದ್ದು! ತೆರೆದ ಬಾಗಿಲನ್ನು ಯಾರಾದರೂ ಬಡಿಯುತ್ತಾರೆಯೇ?

"ಬರ್ರಿ, ಒಳಗ ಬರ್ರಿ, ತೆರದ ಐತಲ್ರಿ!" ಎಂದು ಅಪ್ಪ ಕೂಗಿದರು.

ಟಕ್, ಟಕ್. ಈಗ ಸ್ವಲ್ಪ ಕೆಳಗಿನಿಂದ. ಅಪ್ಪ ಎದ್ದು ಹೋಗಿ ನೋಡಿದರೆ, ಹುಡುಗ ಕದಕ್ಕೆ ಕಿವಿ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾರೆ. ಅಡುಗೆಮನೆಯಲ್ಲಿ ಅವ್ವ ನನ್ನ ಕಿವಿಯಲ್ಲಿ ಹೇಳಿದಳು: "ಹುಡುಗಗ ಕಿವಿ ಮಂದ ಕಾಣತೈತಿ. ಒಂದು ಲೆಕ್ಕಕ್ಕ ಚಲೋನ ಬಿಡು, ನಿನ್ನ ದನಿಗಿ ಅಂಥಾವನ ಬೇಕು."

ನನ್ನ ಧ್ವನಿಯ ಬಗ್ಗೆ ಅವ್ವನಿಗೆ ಚಿಂತೆಯಿತ್ತು. ನಾನು ಮಾತಾಡುವುದು ಕಡಿಮೆ. ಆದರೆ ಕೂಗಿದೆನೆಂದರೆ ಭತ್ತದ ಗದ್ದೆಯ ಆಚೆ ಬದುವಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು.

ಅಂತೂ ಹುಡುಗ ಒಳಗೆ ಬಂದು ಕೂತರು. ನಾನು ಒಗ್ಗರಣೆ ಮಂಡಕ್ಕಿಯ ತಟ್ಟೆ ಇಟ್ಟೆ. ಅವರು ತಟ್ಟೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅಪ್ಪನ ಕಡೆ ಬಾಗಿ, "ಎಷ್ಟು ವರ್ಷದ್ರಿ?" ಎಂದರು.

ಅಪ್ಪ ವಿನಯದಿಂದ, "ಬರೋ ದೀಪಾವಳಿಗಿ ಇಪ್ಪತ್ತು ತುಂಬತಾವ್ರಿ" ಎಂದರು.

"ಇಪ್ಪತ್ತೇನ್ರಿ? ಸಾಧ್ಯ ಇಲ್ಲ ಬಿಡ್ರಿ. ಕಡಿಮಿ ಅಂದ್ರೂ ನೂರು ದಾಟೈತಿ."

ಒಳಗೆ ಅವ್ವನ ಕೈಯಿಂದ ಲೋಟ ಬಿತ್ತು. ನಮ್ಮ ಅತ್ತೆ ಹಣೆ ಹಣೆ ಬಡಿದುಕೊಂಡು, "ಬಾಕ್ಲದ್ದು ಕೇಳಾಕತ್ತಾನ್ರೀ ಬೀಗರ, ಹುಡುಗೀದಲ್ಲ! ಲೇ, ಮುಚ್ಚಲೇ ಬಾಯಿ!" ಎಂದರು.

ಕೊನೆಗೆ ಹಿರಿಯರೊಬ್ಬರು ಕೇಳಿದರು: "ಏನಪ, ಮನಸಿಗೆ ಬಂತೇನು? ಒಪ್ಪಿಗೀ ಏನು?" ಆಗ ನಾನು ಕಟ್ಟೆಯ ಮೇಲೆ ಕೂತಿದ್ದವರಿಗೆ ನೀರು ಕೊಟ್ಟು ತಿರುಗಿ ಬರುತ್ತಿದ್ದೆ. ಅದೇ ಬಾಗಿಲಲ್ಲಿದ್ದೆ. ಇವರು ಕುತ್ತಿಗೆ ಹೊರಳಿಸಿ ಈ ಕಡೆ ನೋಡಿದರು. ತುಂಬಾ ಹೊತ್ತು ನೋಡಿದರು. ಕಣ್ಣಲ್ಲಿ ಅಂಥ ಆಸೆ! "ಒಪ್ಪಿಗೈತ್ರಿ" ಎಂದರು.

ನೋಡಿದ್ದು ನನ್ನನ್ನೋ, ಬಾಗಿಲನ್ನೋ?

ಈ ಪ್ರಶ್ನೆಯನ್ನು ನಾನು ಸಂಸಾರದುದ್ದಕ್ಕೂ ಕೇಳಿದೆ. ಸಿಟ್ಟಿನಲ್ಲಿ ಕೇಳಿದೆ, ನಗುತ್ತ ಕೇಳಿದೆ, ಜ್ವರ ಬಂದಾಗ ಕೇಳಿದರೆ ನಿಜ ಹೇಳಿಯಾರು ಎಂದು ಹಾಗೂ ಕೇಳಿದೆ. "ಹೇಳತೀನಿ, ಅವಸರ ಏನೈತಿ" ಎಂಬುದೊಂದೇ ಉತ್ತರ. ಮನೆ ತುಂಬುವ ದಿನ ನಾದಿನಿಯರು ನನ್ನನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿದ್ದಾಗ, ನನ್ನ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತ ಈ ಮಹಾರಾಯರು ಏನು ಮಾಡುತ್ತಿದ್ದರು ಗೊತ್ತೇ? ಹೊಸಪೇಟೆಯ ತಮ್ಮ ಸ್ವಂತ ಮನೆಯ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದು, ನನ್ನ ಕಡೆ ತಿರುಗಿ, "ಬೇವಿಂದು. ಇದಕ್ಕ ದನಿ ಇಲ್ಲ" ಎಂದು ಸಂತಾಪ ಸೂಚಿಸುತ್ತಿದ್ದರು! ಮದುವೆಯಾದ ಮೇಲೆ ಗಂಡ ನನ್ನೊಡನೆ ಆಡಿದ ಮೊದಲ ಮಾತು ಅದು.

ಇವರ ಕೆಲಸ ಲಾರಿಗೆ ಬಾಡಿ ಕಟ್ಟುವುದು. ಊರ ಹೊರಗಿನ ಒಂದು ಶೆಡ್ಡಿನಲ್ಲಿ ಹಲಗೆ ಕೊಯ್ದು, ಪಟ್ಟಿ ಹೊಡೆದು, ಅದಿರು ಹೊರುವ ಲಾರಿಗೆ ಮೈ ಕೂಡಿಸುವುದು. ಗಣಿಯ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಲಾರಿಗಿಂತ ದೊಡ್ಡ ದೇವರಿರಲಿಲ್ಲ. ನಿನ್ನೆ ಸೈಕಲ್ಲಿನಲ್ಲಿದ್ದವರು ಇಂದು ಲಾರಿ ಮಾಲೀಕರು. ಇವರ ಜೊತೆ ಕೆಲಸ ಕಲಿತವರೆಲ್ಲ ಸ್ವಂತ ಶೆಡ್ಡು ಹಾಕಿದರು. ಇವರು ಮಾತ್ರ ಸಂಜೆ ಆರಕ್ಕೆ ಉಳಿ ಕೆಳಗಿಟ್ಟು ಮನೆಗೆ ಬಂದು, ಹಿತ್ತಲಿನ ತಗಡಿನ ಗುಡಿಸಲಿನಲ್ಲಿ ಇನ್ನೊಂದು ಉಳಿ ಕೈಗೆತ್ತಿಕೊಳ್ಳುತ್ತಿದ್ದರು. ಯಾಕೆ? ಗಿಟಾರು ಮಾಡಲಿಕ್ಕೆ!

ಹೌದು, ಗಿಟಾರು. ನಮ್ಮ ಓಣಿಯಲ್ಲಿ ಅದನ್ನು ಬಾರಿಸುವವರು ಒಬ್ಬರೂ ಇರಲಿಲ್ಲ. ಆ ಹುಚ್ಚು ಹತ್ತಿದ್ದು ಹಂಪಿಯಲ್ಲಿ. ಅಲ್ಲಿನ ಒಂದು ಗೆಸ್ಟ್ ಹೌಸಿನ ಬಾಗಿಲು ರಿಪೇರಿಗೆ ಹೋಗಿದ್ದರು. ಅಲ್ಲಿ ಉಳಿದುಕೊಂಡಿದ್ದ ಒಬ್ಬ ವಿದೇಶಿ ಹುಡುಗನ ಗಿಟಾರನ್ನು ಮಂಗ ಎಳೆದು ಮಾಡಿನ ಮೇಲಿಂದ ಕೆಡವಿತ್ತಂತೆ. ಹಿಂಬದಿಯ ಹಲಗೆ ಪೂರ್ತಿ ಕಿತ್ತುಬಂದಿತ್ತು. ಇವರು ಅದನ್ನು ಕೂಡಿಸಿ ಕೊಟ್ಟು ಬರುವ ಬದಲು ಎರಡು ದಿನ ಅದರ ಮುಂದೆ ಕೂತು ಒಳಗೆ ಇಣುಕಿದರು. ಮನೆಗೆ ಬಂದವರು ಚಪ್ಪಲಿ ಸಹ ಬಿಡದೆ ಪಡಸಾಲೆಯಲ್ಲಿ ನಿಂತು ಕೂಗಿದರು:

"ಅವ್ವಾ! ಅದರೊಳಗ ಏನೂ ಇಲ್ಲವ್ವಾ! ಬರೇ ಖಾಲಿ! ಆ ಖಾಲೀನ ಹಾಡತೈತಿ!"

ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ, "ನಿನ್ನ ತಲೀನೂ ಹಂಗ ಐತಿ, ಇನ್ನೂ ಹಾಡಿಲ್ಲಲ್ಲಪ" ಎಂದರು.

ಅಲ್ಲಿಂದ ಶುರು. ಹೊಸ ಮರ ಇವರಿಗೆ ಬೇಡ. "ಹಸೀ ಮರ ಕೂಸಿದ್ದಂಗ, ಬರೇ ಅಳತೈತಿ. ಮನಿಯಾಗ ಇದ್ದು, ಹೊಗಿ ಕುಡದು, ಮಂದೀ ಮಾತು ಕೇಳಿದ ಮರಕ್ಕ ದನಿ ಬರತೈತಿ" ಎನ್ನುತ್ತಿದ್ದರು. ಆ ಕಾಲಕ್ಕೆ ಸರಿಯಾಗಿ ಹೊಸಪೇಟೆಯಲ್ಲಿ, ಸಂಡೂರಿನಲ್ಲಿ ಹಳೆಯ ಮನೆಗಳು ಒಂದರ ಹಿಂದೊಂದು ಬೀಳತೊಡಗಿದ್ದವು. ಲಾರಿ ಬಂದ ಮನೆಗೆ ಗ್ರಾನೈಟು ಬರಬೇಕಲ್ಲ! ಗೃಹಪ್ರವೇಶಕ್ಕೆ ಕರೆದರೆ ಇವರು ಹೊಸ ಮನೆ ನೋಡುತ್ತಿರಲಿಲ್ಲ. "ಹಳೇ ತೊಲಿ ಎಲ್ಲಿ ಒಗದ್ರಿ?" ಎಂದು ಕೇಳಿ ಹಿತ್ತಲಿಗೆ ಹೋಗುತ್ತಿದ್ದರು. ಊಟದ ಪಂಕ್ತಿಯಲ್ಲಿ ನಾನು ಒಬ್ಬಳೇ. ಹಿತ್ತಲಿನಲ್ಲಿ ಟಕ್, ಟಕ್.

ಯಶವಂತನಗರದ ಕಡೆ ಗಣಿಗೆ ಪರದೇಶದಿಂದ ದೊಡ್ಡ ದೊಡ್ಡ ಯಂತ್ರಗಳು ಬರುತ್ತಿದ್ದವು. ಅವು ಬರುವ ಪೆಟ್ಟಿಗೆಗಳು ಬೆಳ್ಳಗಿನ ಹಗುರ ಮರದವು. ಕೂಲಿಯವರು ಅವನ್ನು ಒಡೆದು ಒಲೆಗೆ ಹಾಕುತ್ತಿದ್ದರು. ಇವರು ಅದನ್ನು ನೋಡಿದ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಆಮೇಲೆ ಲಾರಿ ಡ್ರೈವರುಗಳಿಗೆ ಗೋಗರೆದು ಅವನ್ನು ತರಿಸಿಕೊಳ್ಳತೊಡಗಿದರು. ಗಿಟಾರಿನ ಎದೆಗೆ ಆ ಪೆಟ್ಟಿಗೆಯ ಮರ, ಬೆನ್ನಿಗೆ ಹಳೆಯ ಬಾಗಿಲಿನ ಹೊನ್ನೆ, ಕುತ್ತಿಗೆಗೆ ಒನಕೆ. ಒನಕೆ ಎಲ್ಲಿಂದ ಬಂತು ಎಂದು ಅತ್ತೆ ಮೊದಲು ಕೇಳಲಿಲ್ಲ. ನಾಗರಪಂಚಮಿಗೆ ತಂಬಿಟ್ಟು ಕುಟ್ಟಲು ಹೋದಾಗ ಕೇಳಿದರು.

"ಲೇ, ನನ್ನ ಒನಕಿ ಎಲ್ಲೈತಲೇ?"

"ಹಾಡಾಕ ಹೋಗೈತವ್ವ."

ನಮ್ಮ ಮನೆಯಲ್ಲಿ ಮರದ ವಸ್ತು ಒಂದೂ ನೆಲೆ ನಿಲ್ಲಲಿಲ್ಲ. ಮಣೆ ಹೋಯಿತು. ಮೊಸರು ಕಡೆಯುವ ಕಡಗೋಲು ಹೋಯಿತು. ನಮ್ಮ ಒಬ್ಬಳೇ ಮಗಳು ಶಾಲೆಯ ಮರದ ಸ್ಕೇಲನ್ನು ಮನೆಯಲ್ಲಿ ಚೀಲದಿಂದ ಹೊರಗೆ ತೆಗೆಯುತ್ತಿರಲಿಲ್ಲ. ಬಡಗಿಯ ಮನೆಯವರಾದ ನಾವು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಸ್ಟೀಲಿನ ಮಂಚದ ಮೇಲೆ ಮಲಗುವವರಾದೆವು! ಬಂಧುಗಳ ಮನೆಗೆ ಸಾವಿಗೆಂದು ಮಾತಾಡಿಸಲು ಹೋದಾಗಲೂ ಇವರ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ತೀರಿಕೊಂಡ ಅಜ್ಜನ ಮಂಚವನ್ನು ಎಲ್ಲರೂ ಅಳುವಾಗ ಮೆಲ್ಲಗೆ ಬಡಿದುಬಿಟ್ಟರು. ಟಕ್! ಅಳು ನಿಂತಿತು. ಅಜ್ಜನ ಹೆಂಡತಿ ಕಣ್ಣೊರೆಸಿಕೊಂಡು, "ಒಯ್ಯಪ, ಒಯ್ಯಿ. ನಮ್ಮವರೂ ಹಾಡಿನ ಖಯಾಲಿಯವರ ಇದ್ರು" ಎಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆ ಮಂಚ ಗಿಟಾರಾಗಿ ಆ ಮನೆಗೇ ತಿರುಗಿ ಹೋಯಿತು ಅನ್ನುವುದು ಬೇರೆ ಮಾತು. ಅಜ್ಜಿ ಅದಕ್ಕೆ ದಿನಾ ವಿಭೂತಿ ಹಚ್ಚುತ್ತಿದ್ದಳಂತೆ.

ಗಿಟಾರಿನ ಸೊಂಟ ಬಳುಕಿಸಬೇಕೆಂದರೆ ತೆಳುವಾದ ಪಟ್ಟಿಯನ್ನು ನೀರಲ್ಲಿ ನೆನೆಸಿ ಕಾದ ಕೊಳವೆಗೆ ಒತ್ತಬೇಕು. ಕಾದ ಕೊಳವೆ ನಮ್ಮ ಬಚ್ಚಲ ಒಲೆಯಲ್ಲಿ. ಆದ್ದರಿಂದ ಭಾನುವಾರ ನಮ್ಮ ಮನೆಯಲ್ಲಿ ಗಿಟಾರಿಗೆ ಮೊದಲು ಸ್ನಾನ, ಆಮೇಲೆ ಮನುಷ್ಯರಿಗೆ. ಅಷ್ಟಾದರೆ ಸೈರಿಸಬಹುದಿತ್ತು. ಹಲಗೆ ಕೂಡಿಸಲು ಸರೇಸು ಬೇಕೆಂದರು. ಸರೇಸು ಎಂದರೆ ದನದ ಚರ್ಮದಿಂದ ಮಾಡಿದ ಅಂಟು. ಲಿಂಗಪೂಜೆಯಾಗದೆ ಹನಿ ನೀರು ಕುಡಿಯದ ಅತ್ತೆಯ ಮನೆಯಲ್ಲಿ ಅದು ಕುದಿಯಿತು. ಅತ್ತೆ ಸೆರಗು ಮೂಗಿಗೆ ಹಿಡಿದು ಬಂದರು.

"ಏನಲೇ ಅದು?"

"ಅಂಟವ್ವ."

"ಯಾತರದ್ದು?"

ಇವರಿಗೆ ಸುಳ್ಳು ಬರುವುದಿಲ್ಲ. "ಚರ್ಮದ್ದವ್ವ."

"ಅಯ್ಯ ಶಿವನ! ಲಿಂಗ ಕಟ್ಟಿಕೊಂಡವರ ಮನ್ಯಾಗ ಚರ್ಮಾ ಕುದಸತಿಯೇನಲೇ ಮೂಳ!"

"ಗುಡ್ಯಾಗ ನಗಾರಿ ಬಾರಸತಾರಲ್ಲವ್ವ, ಅದೂ ಚರ್ಮದ್ದ."

ಅತ್ತೆ ಬಚ್ಚಲ ಗಿಂಡಿ ಕೈಗೆತ್ತಿಕೊಂಡರು. ಆಮೇಲೆ, "ಹಂಗಾರ ಗುಡ್ಯಾಗ ಹೋಗಿ ಕುದಸು, ಹೋಗು!" ಎಂದು ಗಿಂಡಿಯ ನೀರನ್ನು ಒಲೆಗೆ ಹೊಯ್ದರು. ಆ ದಿನದಿಂದ ಅಂಟು ಹಿತ್ತಲಿನ ಆಚೆ ಹುಣಸೆಮರದ ಕೆಳಗೆ ಕುದಿಯಿತು. ಗಾಳಿ ಈ ಕಡೆ ಬೀಸಿದರೆ ನಾವು ನೆಂಟರ ಮನೆಗೆ ಹೋಗುತ್ತಿದ್ದೆವು.

ಇಷ್ಟೆಲ್ಲ ಮಾಡಿ ಇವರಿಗೆ ಗಿಟಾರು ಬಾರಿಸಲು ಬರುತ್ತಿತ್ತೇ? ಬರುತ್ತಿರಲಿಲ್ಲ! ಯಾರಾದರೂ ಕೇಳಿದರೆ, "ತೊಟ್ಲಾ ಮಾಡಾಂವ ಅದರಾಗ ಮಕ್ಕೊಂತಾನೇನ್ರಿ?" ಎನ್ನುತ್ತಿದ್ದರು. ತಂತಿ ಕಟ್ಟುವುದು, ಒಂದೊಂದನ್ನೇ ಮೀಟಿ ಕಿವಿ ಕೊಡುವುದು, ಗೋಡೆಗೆ ನೇತುಹಾಕುವುದು. ಅಷ್ಟೇ ಇವರ ಸಂಗೀತ.

ತಂತಿ ಕಟ್ಟುವ ಕೆಲಸ ರಜಾದಿನ ಮಧ್ಯಾಹ್ನ ನಡೆಯುತ್ತಿತ್ತು, ಅದೂ ಸರಿಯಾಗಿ ಊಟದ ಹೊತ್ತಿಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿತ್ತಲಿಗೆ ಕೇಳುವಂತೆ ಕೂಗುತ್ತಿದ್ದೆ: "ರೀ... ಊಟಕ್ಕ ಬರ್ರೀ!"

"ಹ್ಞೂಂ."

ಟಿಣ್, ಟಿಣ್. ಆಮೇಲೆ, "ಇನ್ನೊಮ್ಮೆ ಕರಿ!"

"ಯಾಕ, ಕೇಳಸಲಿಲ್ಲೇನು? ರೀ... ಊಟಕ್ಕ ಬರ್ರೀ!"

"ಹ್ಞೂಂ." ಟಿಣ್. "ಇನ್ನೊಮ್ಮೆ!"

ರೊಟ್ಟಿ ತಣ್ಣಗಾಗುತ್ತಿತ್ತು, ನನ್ನ ತಲೆ ಬಿಸಿಯಾಗುತ್ತಿತ್ತು. ಅವ್ವ ಅಂದು ಹೇಳಿದ್ದು ನಿಜವಾಯಿತು, ಇವರಿಗೆ ಕಿವಿ ಮಂದ ಎಂದೇ ನಾನು ನಂಬಿದೆ. ಆದರೆ ಅದೇ ಮನುಷ್ಯನಿಗೆ ಪಕ್ಕದ ಓಣಿಯಲ್ಲಿ ತೊಲೆ ಬಿದ್ದರೆ ಅದು ತೇಗವೋ ಮತ್ತಿಯೋ ಎಂದು ಗೊತ್ತಾಗುತ್ತಿತ್ತು! ಇದು ಯಾವ ಸೀಮೆಯ ಮಂದ ಕಿವಿ?

ನಮ್ಮ ಮನೆ ಸಂಡೂರು ರಸ್ತೆಗೆ ಹತ್ತಿರ. ಅದಿರು ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿ ಹೋಗುತ್ತಿದ್ದವು. ಬೇಲಿ ಕೆಂಪು, ಬೆಕ್ಕು ಕೆಂಪು, ಒಗೆದು ಹಾಕಿದ ಬಿಳಿ ಅಂಗಿ ಕೆಂಪು. ಗಿಟಾರಿಗೆ ಪಾಲಿಶು ಹಚ್ಚಿ ಒಣಗಲಿಟ್ಟರೆ ಅದೂ ಕೆಂಪು. ಇವರು ಮೊದಲು ಬೈದರು, ಆಮೇಲೆ ಧೂಳನ್ನೇ ಅರೆದು ಪಾಲಿಶಿಗೆ ಬೆರೆಸಿದರು. "ಹೆಂಗೂ ಕೂರಾದು, ಕರದ ಕೂಡಸೋಣು" ಎಂಬುದು ಇವರ ನ್ಯಾಯ. ಗೋಡೆಯ ಮೇಲೆ ನೇತುಹಾಕಿದ ಗಿಟಾರುಗಳು ಒಂದೊಂದು ಲಾರಿ ಹೋದಾಗಲೂ ತಾವಾಗಿಯೇ ಗುಂಯ್ ಎನ್ನುತ್ತಿದ್ದವು. ಮನೆಗೆ ಹೊಸಬರು ಬಂದರೆ ಬೆಚ್ಚಿ ಗೋಡೆ ನೋಡುತ್ತಿದ್ದರು. ಅತ್ತೆ ಸಮಾಧಾನ ಹೇಳುವರು: "ಅಂಜಬ್ಯಾಡ್ರಿ, ಕುಂದ್ರಿ. ನಮ್ಮನೀ ಭಜನಿ ಮಂಡಳಿ ಅದು. ಲಾರಿ ಬಂದ್ರ ಏಳತಾರ, ನನ್ನ ಮಗನ ಪೈಕಿನ, ಕರದ್ರ ಬರೋದಿಲ್ಲ."

ಅತ್ತೆ ಅದೇ ಗುಂಯ್ ನಡುವೆ ಒಂದು ಮಧ್ಯಾಹ್ನ ಒರಗಿದಲ್ಲೇ ಕಣ್ಣು ಮುಚ್ಚಿದರು. ಚರ್ಮದ ಅಂಟನ್ನು ಬೈಯುವವರಿಲ್ಲದೆ ಇವರು ಕೆಲ ದಿನ ಅದನ್ನು ಕುದಿಸಲೇ ಇಲ್ಲ.

ಗಿಟಾರುಗಳು ಎಲ್ಲಿಗೆ ಹೋಗುತ್ತಿದ್ದವು ಎಂದು ಕೇಳುತ್ತೀರಿ. ಹಂಪಿಗೆ ಬಂದವರು ಕೆಲವನ್ನು ಒಯ್ದರು. ಉಳಿದವುಗಳ ದಾರಿ ತೋರಿಸಿದವರು ದೋಣಿಮಲೈ ಟೌನ್‌ಶಿಪ್ಪಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ಒಬ್ಬ ಮೇಷ್ಟ್ರು. ತಮಗೊಂದು ಕೊಂಡರು, ಆಮೇಲೆ ಗೊತ್ತಿದ್ದವರನ್ನೆಲ್ಲ ಕರೆತಂದರು. ಒಳ್ಳೆಯ ಮನುಷ್ಯ. ಅವರ ಜೇಬಿನಲ್ಲಿ ಶ್ರುತಿ ನೋಡುವ ಒಂದು ಪುಟ್ಟ ಯಂತ್ರವಿರುತ್ತಿತ್ತು. ಒಂದು ಸಲ ಗೋಡೆಯ ಮೇಲಿನ ಗಿಟಾರುಗಳನ್ನೆಲ್ಲ ಅದರ ಮುಂದೆ ಮೀಟಿ ನೋಡಿ ಬೆರಗಾದರು.

"ಅಲ್ರೀ, ಎಲ್ಲಾ ತಂತೀನೂ ಶ್ರುತಿಗಿಂತ ಒಂದು ಕೂದಲೆಳಿ ಏರಿ ನಿಂತಾವಲ್ರೀ. ಒಂದೆರಡಾದ್ರ ತಪ್ಪು ಅನ್ನಬಹುದು. ಎಲ್ಲಾದರಾಗೂ ಅದ ಕೂದಲೆಳಿ! ನಾ ಮೊದಲು ಒಯ್ದದ್ದೂ ಹಿಂಗ ಇತ್ತು. ಯಾವುದಕ್ಕ ಹೊಂದಸತೀರಿ ಇವನ್ನ?"

"ಮನ್ಯಾಗ ಒಂದು ಅಳತಿ ಐತ್ರಿ ಸರ."

"ಏನದು, ಹಾರ್ಮೋನಿಯಂ?"

"ಹಾರ್ಮೋನಿಯಂಗಿಂತ ಜೋರೈತ್ರಿ."

ಅಷ್ಟರಲ್ಲಿ ನಾನು ಒಳಗಿನಿಂದ, "ರೀ... ಸರಗ ಚಹಾ ಒಯ್ರೀ!" ಎಂದೆ. ಇವರು ಬಿದ್ದು ಬಿದ್ದು ನಕ್ಕರು. ಗಂಡಸರು ನಕ್ಕದ್ದಕ್ಕೆಲ್ಲ ಕಾರಣ ಕೇಳುತ್ತ ಕೂತರೆ ಮನೆಗೆಲಸ ಮಾಡುವವರು ಯಾರು? ನಾನು ಕೇಳಲಿಲ್ಲ.

ಕಂಪ್ಲಿಯಲ್ಲಿ ಅಪ್ಪ ಅವ್ವ ಹೋದ ಮೇಲೆ ನನ್ನ ತಮ್ಮನೂ ಲಾರಿ ತೆಗೆದುಕೊಂಡ. ಲಾರಿ ಬಂದ ಮೇಲೆ ಗ್ರಾನೈಟು ಬರಬೇಕಲ್ಲ! ಮನೆ ಕೆಡವುತ್ತೇನೆ ಎಂದು ಸುದ್ದಿ ಕಳಿಸಿದ. ನನಗೆ ಮನೆಗಿಂತ ಬಾಗಿಲಿನ ಚಿಂತೆ. ಅವ್ವ ದಿನಾ ಬೆಳಿಗ್ಗೆ ಆ ಹಿತ್ತಾಳೆಯ ಬಳೆಗೆ ಕುಂಕುಮ ಹಚ್ಚುತ್ತಿದ್ದಳು. ಇವರ ಮುಂದೆ ನಿಂತು ಹೇಳಿದೆ: "ಆ ಬಾಕ್ಲ ತರ್ರಿ. ಆದ್ರ ಕೊಯ್ಯಂಗಿಲ್ಲ. ನನ್ನ ಮಾತಿಲ್ಲದ ಅದಕ್ಕ ಉಳಿ ಮುಟ್ಟಸಂಗಿಲ್ಲ."

"ಆತು."

"ಆಣಿ ಮಾಡ್ರಿ."

"ಹೊನ್ನೀ ಮರದ ಮ್ಯಾಲ ಆಣಿ."

ಟ್ರ್ಯಾಕ್ಟರಿನಲ್ಲಿ ಬಾಗಿಲು ಬಂತು. ಕದಗಳ ನಡುವೆ ಇವರು ಒಂದು ಕೈ ಅದರ ಮೇಲೆ ಒಂದು ಕೈ ಇದರ ಮೇಲೆ ಇಟ್ಟು, ಮೆರವಣಿಗೆಯ ಮದುಮಗನ ಹಾಗೆ ಕೂತು ಬಂದರು. ಓಣಿಯ ಹೆಂಗಸರು ನನಗೆ, "ಸವತಿ ಬಂದ್ಲು ನೋಡವಾ, ಆರತಿ ತಗೊಂಡು ಬಾ" ಎಂದರು. ನಗುತ್ತ ನಿಜವಾಗಿಯೂ ಆರತಿ ತಂದೆ.

ಬಾಗಿಲು ಹಿತ್ತಲ ಗೋಡೆಗೆ ಒರಗಿ ನಿಂತಿತು. ಇವರು ದಿನಕ್ಕೊಮ್ಮೆ ಅದನ್ನು ಬಡಿದು ಕಿವಿ ಕೊಟ್ಟು, ನಿಟ್ಟುಸಿರು ಬಿಟ್ಟು ಗುಡಿಸಲಿಗೆ ಹೋಗುವರು. ಹಸಿದವನು ಹೋಟೆಲಿನ ಮುಂದೆ ಹಾದುಹೋಗುವ ಹಾಗೆ! ಉಳಿ ಮಾತ್ರ ಮುಟ್ಟಿಸಲಿಲ್ಲ. ಮಳೆಗಾಲದಲ್ಲಿ ತಮ್ಮ ರಗ್ಗನ್ನು ಅದಕ್ಕೆ ಹೊದಿಸಿದರು. ನನಗೆ ಹೊದಿಸಿದ್ದು ನೆನಪಿಲ್ಲ.

ಆಮೇಲೆ ಕೆಮ್ಮು ಬಂತು. ಮರದ ಧೂಳೋ ಮಣ್ಣಿನ ಧೂಳೋ, ಎರಡೂ ಕೂಡಿಯೋ. ಡಾಕ್ಟರರು ಕೆಲಸ ಬಿಡಿ ಎಂದರು. ಇವರು ಶೆಡ್ಡು ಬಿಟ್ಟರು. ಗುಡಿಸಲನ್ನೂ ಬಿಟ್ಟರು. ಗೋಡೆಯ ಮೇಲಿನ ಗಿಟಾರುಗಳು ಒಂದೊಂದಾಗಿ ಹೋದವು, ಹೊಸದು ಬರಲಿಲ್ಲ. ಕಂಬಕ್ಕೆ ಒರಗಿ ರಸ್ತೆ ನೋಡುತ್ತ ಕೂರುವರು. ಬೆರಳು ಕಂಬ ಬಡಿಯುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಈ ಮನುಷ್ಯನ ಗೆಣ್ಣು ಸುಮ್ಮನಿದ್ದದ್ದನ್ನು ನಾನು ನೋಡಿರಲೇ ಇಲ್ಲ.

ಒಂದು ಬೆಳಿಗ್ಗೆ ಹೇಳಿದೆ: "ಬಾಕ್ಲ ಕೊಯ್ರಿ."

ಇವರು ನನ್ನನ್ನೇ ನೋಡಿದರು. "ಮನಸಿಂದ ಅಂತಿಯೇನು?"

"ಒಂದ ಕದ. ಇನ್ನೊಂದು ನನಗಿರಲಿ."

"ನಿನ್ನ ಅವ್ವನ ಬಾಕ್ಲ ಅದು."

"ಅವ್ವ ಇದ್ದಿದ್ರ ಇಷ್ಟೊತ್ತಿಗೆ ತಾನ ಗರಗಸ ತಂದು ಕೊಡತಿದ್ಲು. ಏಳ್ರಿ."

ಎದ್ದರು! ಮೂಗಿಗೆ ನನ್ನ ಹಳೆಯ ಸೀರೆಯ ತುಂಡು ಕಟ್ಟಿಕೊಂಡು, ಎರಡು ಗೀರು ಗರಗಸ ಎಳೆದು ನಾಲ್ಕು ಸಲ ಉಸಿರು ತಗೊಂಡು, ನಿಂತು, ಕೂತು, ಬೈದುಕೊಂಡು ಕೆಲಸ ಮಾಡಿದರು. ಮೊದಲು ನನ್ನ ಪಾಲಿನ ಕದವನ್ನು ಒಪ್ಪವಾಗಿ ಹೆರೆದು ಅಡುಗೆಮನೆಗೆ ಬಾಗಿಲು ಮಾಡಿ ನಿಲ್ಲಿಸಿದರು, ಹಿತ್ತಾಳೆಯ ಬಳೆ ಸಮೇತ. ಆಮೇಲೆ ತಮ್ಮ ಪಾಲಿನದು. ಅಂಟು ಕುದಿಯಿತು, ಬಚ್ಚಲಲ್ಲಿ ಹೊನ್ನೆಯ ಪಟ್ಟಿ ನೆನೆಯಿತು, ಮನೆ ಮತ್ತೆ ನಾರಿತು. ನಾನು ನೆಂಟರ ಮನೆಗೆ ಹೋಗಲಿಲ್ಲ. ಆ ನಾತ ಹೊಟ್ಟೆ ತುಂಬ ಕುಡಿದೆ.

ತಂತಿ ಕಟ್ಟುವ ದಿನ ಮಾಮೂಲಿನ ಹಾಗೆಯೇ ಆಯಿತು. "ರೀ... ಊಟಕ್ಕ ಬರ್ರೀ!" "ಹ್ಞೂಂ." ಟಿಣ್. "ಇನ್ನೊಮ್ಮೆ ಕರಿ!" ಈ ಸಲ ನನಗೆ ಸಿಟ್ಟು ಬರಲಿಲ್ಲ. ಕರೆದೆ. ಎಷ್ಟು ಸಲ ಅಂದರೂ ಕರೆಯುತ್ತಿದ್ದೆ.

ಸಂಜೆ ಅದನ್ನು ತಂದು ಪಡಸಾಲೆಯಲ್ಲಿ, ನನ್ನ ಅಡುಗೆಮನೆಯ ಬಾಗಿಲಿಗೆ ಸರಿಯಾಗಿ ಎದುರಿನ ಗೋಡೆಗೆ ನೇತುಹಾಕಿದರು. "ಇದು ಮಾರೋದಲ್ಲ. ನೀ ಕೇಳತಿದ್ದೆಲ್ಲ, ಅವತ್ತು ನೋಡಿದ್ದು ನನ್ನೋ ಬಾಕ್ಲನ್ನೋ ಅಂತ. ಅದಕ್ಕ ಇದು ಹೇಳತೈತಿ" ಎಂದರು.

"ಯಾವಾಗ?"

ಹೊರಗೆ ಲಾರಿಯ ಸಾಲು ಹೊರಟಿತು. ಗಿಟಾರು ಗುಂಯ್ ಎಂದಿತು, ಇನ್ನೊಂದು ಲಾರಿ, ಮತ್ತೆ ಗುಂಯ್. ಇವರು ಕೆಮ್ಮುತ್ತ ನಕ್ಕರು.

"ಈ ಗದ್ಲ ಒಂಚೂರು ಕಡಿಮಿ ಆಗಲಿ ತಡಿ."

ಗದ್ದಲ ಕಡಿಮೆಯಾಗಲಿಲ್ಲ. ಇವರೇ ಹೊರಟುಹೋದರು. ಇವರನ್ನು ಕೂಡಿಸಿ ಮಣ್ಣಿಗೆ ಹೊತ್ತ ಬಿದಿರಿನ ವಿಮಾನ ನೋಡಿ ನನಗೆ ಅನಿಸಿತು, ಪಾಪ, ಇದನ್ನು ಬಡಿದು ನೋಡಿದ್ದರೆ ಒಪ್ಪುತ್ತಿರಲಿಲ್ಲ.

ಆಮೇಲೆ ಕೆಲವು ತಿಂಗಳಿಗೆ ಲಾರಿಗಳು ನಿಂತವು. ಗಣಿ ನಿಂತಿತಂತೆ, ಯಾರು ಯಾರೋ ಏನೇನೋ ಹೇಳಿದರು. ನನಗೆ ತಿಳಿದದ್ದು ಇಷ್ಟೇ: ರಸ್ತೆ ಸುಮ್ಮನಾಯಿತು. ಬೇಲಿಯ ಎಲೆ ಹಸಿರು ಎಂದು ಒಂದು ಮಳೆಯ ಮೇಲೆ ಗೊತ್ತಾಯಿತು. ಗೋಡೆಯ ಮೇಲಿನ ಗಿಟಾರು ಮಾತು ಬಿಟ್ಟಿತು. ಮಗಳು ಗಂಡನ ಮನೆಯಲ್ಲಿದ್ದಳು. ಇಡೀ ಮನೆಯಲ್ಲಿ ನಾನು ಯಾರನ್ನೂ ಕೂಗುವ ಕೆಲಸವಿರಲಿಲ್ಲ. ನನ್ನ ಧ್ವನಿ ನನಗೇ ಮರೆತಂತಾಗಿತ್ತು.

ಆಗ ಒಂದು ಮಧ್ಯಾಹ್ನ ದೋಣಿಮಲೈ ಮೇಷ್ಟ್ರು ಬಂದರು. ಊರಿಗೆ ಹೋಗಿದ್ದರಂತೆ, ಸುದ್ದಿ ತಡವಾಗಿ ತಿಳಿಯಿತಂತೆ. ಆಮೇಲೆ ಗೋಡೆಯ ಮೇಲಿನ ಗಿಟಾರನ್ನು ಕೇಳಿ ಇಳಿಸಿಕೊಂಡು ಮೆಲ್ಲಗೆ ಮೀಟಿ, ಜೇಬಿನ ಯಂತ್ರ ನೋಡಿದರು.

"ಇದೂ ಹಂಗ ಐತ್ರಿ ಅಕ್ಕಾರ. ಅದ ಕೂದಲೆಳಿ. ಯಾವುದಕ್ಕ ಹೊಂದಸತಿದ್ರೋ, ನನಗ ಹೇಳಲೇ ಇಲ್ಲ. ಸರಿ ಮಾಡಿ ಇಡಲೇನ್ರಿ?"

"ಬ್ಯಾಡ್ರಿ ಸರ. ಅವರು ಬಿಟ್ಟಂಗ ಇರಲಿ. ಉಂಡು ಹೋಗ್ರಿ."

ಅವರು ಗಿಟಾರನ್ನು ಮತ್ತೆ ಮೊಳೆಗೆ ತೂಗುಹಾಕಿ ಅದರ ಕೆಳಗೆ ಕೂತರು. ನಾನು ಒಳಗೆ ಹೋಗಿ ರೊಟ್ಟಿ ಬಡಿದೆ, ಬದನೆಕಾಯಿ ಪಲ್ಯ ಬಿಸಿ ಮಾಡಿದೆ, ತಟ್ಟೆ ಹಾಕಿದೆ. ಬಹಳ ದಿನದ ಮೇಲೆ ಎರಡನೆಯ ತಟ್ಟೆ. ಕೈ ಒರೆಸಿಕೊಂಡು ಬಾಗಿಲಿಗೆ ಬಂದು ಹಿತ್ತಾಳೆಯ ಬಳೆ ಹಿಡಿದು ನಿಂತೆ. ಬಾಯಿ ತಾನಾಗಿಯೇ ತೆರೆಯಿತು.

"ರೀ... ಊಟಕ್ಕ ಬರ್ರೀ!"

ಕೂಗಿದ ಮೇಲೆ ಎಚ್ಚರವಾಯಿತು. ನಾಲಿಗೆ ಕಚ್ಚಿಕೊಂಡೆ. ರಸ್ತೆಯಲ್ಲಿ ಸದ್ದಿರಲಿಲ್ಲ, ಮನೆಯಲ್ಲಿ ಸದ್ದಿರಲಿಲ್ಲ. ಆ ನಿಶ್ಶಬ್ದದಲ್ಲಿ, ಯಾರೂ ಮುಟ್ಟದ ಗಿಟಾರಿನ ಒಂದೇ ಒಂದು ತಂತಿ, ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುವ ಧ್ವನಿಯಲ್ಲಿ ಅಂದಿತು:

ಹ್ಞೂಂ.

ಮೇಷ್ಟ್ರು ದಿಗ್ಗನೆ ತಲೆಯೆತ್ತಿ ಗೋಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೈಯಲ್ಲಿದ್ದ ಯಂತ್ರವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

"ಅಕ್ಕಾರ, ಇನ್ನೊಮ್ಮೆ ಕರೀರಿ."

ಬಾಗಿಲಿನ ಒಂದು ಕದ ನನ್ನ ಕೈಯಲ್ಲಿತ್ತು, ಇನ್ನೊಂದು ಎದುರಿಗೆ ಗೋಡೆಯ ಮೇಲಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಭತ್ತದ ಗದ್ದೆಯ ಆಚೆ ಬದುವಿಗೂ ಕೇಳುವ ಹಾಗೆ ಕರೆದೆ.

ಯಾವತ್ತಿನ ಹಾಗೆ ಹ್ಞೂಂ ಅಂದರು. ಯಾವತ್ತಿನ ಹಾಗೆ, ಬರಲಿಲ್ಲ.